ಕೆಂಪಾಗದ ಕಷಾಯ

ಅರವತ್ತು ದಾಟಿದವರೆಲ್ಲ ಬೆಳಿಗ್ಗೆದ್ದು ಅರಿಶಿನದ ಕಷಾಯ ಕುಡಿಯುತ್ತಿದ್ದ ಕಾಲ. ಮಿದುಳಲ್ಲಿ ಸೇರಿಕೊಂಡ ತಾಮ್ರ, ಕಬ್ಬಿಣವನ್ನೆಲ್ಲ ಅದು ಹಿಡಿದು ಹೊರಹಾಕುತ್ತಿತ್ತು. ಮರೆವಿನ ರೋಗ ಊರಲ್ಲೇ ಇರಲಿಲ್ಲ. ಬಾಳವ್ವನಿಗೆ ಮಾತ್ರ ನಿನ್ನೆ ಉಂಡದ್ದೂ ನೆನಪಿರುತ್ತಿರಲಿಲ್ಲ.

ಅನುಮಾನ ಬಂದು ಅವಳು, ಗಂಡ ಈರಪ್ಪ ಕೊಟ್ಟ ಕಷಾಯಕ್ಕೆ ಎಲೆಯಡಿಕೆ ಡಬ್ಬಿಯಿಂದ ಚೂರು ಸುಣ್ಣ ತೆಗೆದು ಕದಡಿದಳು. ನಿಜವಾದ ಅರಿಶಿನವಾಗಿದ್ದರೆ ಆರತಿಯ ನೀರಿನ ಹಾಗೆ ಕೆಂಪಾಗಬೇಕಿತ್ತು. ಅದು ಹಳದಿಯಾಗಿಯೇ ಉಳಿಯಿತು.

“ಬರೇ ಬಣ್ಣದ ನೀರು ಕುಡಿಸೀರಲ್ರೀ! ನಿಮ್ಮನ್ನ ನಂಬಿ ಕಣ್ಣು ಮುಚ್ಚಿ ಕುಡದೆ. ನಾ ಮರೀಬೇಕಾದ್ದು ಏನಿತ್ತು?”

ಅಡುಗೆಮನೆಯಿಂದ ಬಾಳವ್ವನ ತಂಗಿ ಸಂಗವ್ವ ಬಂದಳು. ಈರಪ್ಪನ ಹೆಗಲ ಮೇಲೆ ಕೈಯಿಟ್ಟು, ಇನ್ನೊಂದು ಕೈಯಿಂದ ಅದೇ ಹಳದಿ ನೀರಿನ ಬೇರೆ ಲೋಟ ನೀಡಿದಳು.

“ದಿನಾ ಇದನ್ನೇ ಕೇಳತಿ, ಅಕ್ಕಾ,” ಅಂದಳು. “ಕುಡಿ, ತಣ್ಣಗಾಗತೈತಿ.”