ಕಲೆಯಿಲ್ಲದ ಪತ್ರ

ಪಿಯುಸಿ ಪಾಸಾದವರಿಗೆಲ್ಲ ಅಂಕಪಟ್ಟಿಯ ಜೊತೆ ಒಂದು ಬುದ್ಧಿಮಾತಿನ ಪತ್ರ ಬರುವುದು ವಾಡಿಕೆ. ಐವತ್ತು ತುಂಬಿದ ಮೇಲೆ ತಾವೇ ತಮಗೆ ಬರೆದು, ಮುಂದಿನ ಕಾಲದಿಂದ ಕಳಿಸಿದ ಪತ್ರ. ನೀಲಾಂಬಿಕೆ ತನ್ನದನ್ನು ಕಾಲೇಜಿನ ಕಚೇರಿಯಲ್ಲೇ ಒಡೆದು ಓದಿದಳು. ‘ಯಾರಿಗೂ ಎದುರು ಮಾತಾಡಬೇಡ. ತಗ್ಗಿಬಗ್ಗಿ ನಡೆ.’

ಅವಳಿಗೆ ಅನುಮಾನ ಬಂತು. ಎಡಗೈಯಲ್ಲಿ ಬರೆಯುವ ಅವಳ ಅಕ್ಷರಗಳು ಅಂಗೈ ತಾಗಿ ಯಾವಾಗಲೂ ಕಲಸಿಹೋಗುತ್ತಿದ್ದವು. ಇಲ್ಲಿ ಒಂದು ಕಲೆಯೂ ಇಲ್ಲ.

“ಸರ್, ಇದು ನಾ ಬರದಿದ್ದಲ್ರೀ. ನಾ ಎಡಚಿ.”

ಗುಮಾಸ್ತರು ತಲೆ ಎತ್ತಲಿಲ್ಲ. “ಐವತ್ತು ಆಗೂದ್ರಾಗ ಎಲ್ಲಾ ಎಡಚರೂ ಬಲಗೈಗೆ ಬಂದಿರ್ತಾರ ತಂಗಿ. ಪತ್ರ ಮುಟ್ಟೇತಿ ಅಂತ ಈ ರಿಜಿಸ್ಟರಿನ್ಯಾಗ ಸುಮ್ನ ಸಹಿ ಮಾಡು.”

ನೀಲಾಂಬಿಕೆ ಎಡಗೈಯಲ್ಲಿ ಪೆನ್ನು ಹಿಡಿದು, ಸಹಿಯ ಜಾಗದಲ್ಲಿ ‘ನನ್ನದಲ್ಲ’ ಎಂದು ದಪ್ಪಗೆ ಬರೆದಳು.

ಮೇಜಿನ ಮೇಲಿದ್ದ ಪತ್ರದ ಅಕ್ಷರಗಳು, ಯಾರದೋ ಅಂಗೈ ತಾಗಿದಂತೆ, ಒಂದೊಂದಾಗಿ ಕಲಸಿಹೋಗತೊಡಗಿದವು.