ಕಾಣುವ ಜಾಗ

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದ ಫಕೀರಪ್ಪನಿಗೆ ನಾಲ್ಕನೆಯ ದಿನ ತಡೆಯಲಾರದ ಸಿಟ್ಟು ಬಂದಿತ್ತು. ಇಪ್ಪತ್ತು ವರ್ಷ ಶಾಲೆಯ ವ್ಯಾನು ಓಡಿಸಿದವನು ಅವನು. ಹೆಂಡತಿ ಗಂಗವ್ವ ಈಗ ಆ ವ್ಯಾನಿನ ಕೀಲಿಯನ್ನು ಬಚ್ಚಿಟ್ಟಿದ್ದಳು.

“ಸೋಮವಾರ ಹುಡುಗೂರನ್ನ ಸಾಲಿಗೆ ಒಯ್ಯಾಂವ ನಾನ. ಕೀಲಿ ಕೊಡು ಅಂತ ಹೇಳ್ರಿ ಈಕಿಗೆ!” ಎಂದು ಡಾಕ್ಟರಮ್ಮನ ಮೇಲೆ ರೇಗಿದ.

“ನಿಮಗ ಏನೂ ಕಾಣಂಗಿಲ್ಲ, ಫಕೀರಪ್ಪ,” ಎಂದರು ಆಕೆ. “ಕಣ್ಣು ಚಲೋ ಅದಾವ. ಆದರ ಕಣ್ಣು ಕಳಿಸಿದ್ದನ್ನ ನೋಡೋ ಜಾಗ ಮೆದುಳಿನ ಹಿಂದಿನ ಭಾಗದಾಗ ಇರತೈತಿ. ನಿಮಗ ಅದು ಎರಡೂ ಕಡೆ ಸತ್ತೈತಿ. ಕಾಣಸ್ತೈತಿ ಅಂತ ನಿಮಗ ಅನಸ್ತೈತಿ, ಅಷ್ಟ.”

“ಸುಳ್ಳು! ಇಬ್ಬರೂ ಕೂಡಿ ನನ್ನ ಕುರುಡ ಮಾಡಾಕ ಹೊಂಟೀರಿ.” ಅವನು ಗಂಗವ್ವ ಕುಳಿತಿದ್ದ ಪಕ್ಕದ ಕುರ್ಚಿಯತ್ತ ತಿರುಗಿ ಇಡೀ ವಾರ್ಡಿಗೆ ಕೇಳುವಂತೆ ಒದರಿದ. “ನನ್ನ ಅನ್ನ ಉಂಡು ನನಗ ಎರಡು ಬಗೀತಿಯೇನ? ಮನಿ ಹೊಸ್ತಿಲಾ ದಾಟು, ಕಾಲು ಮುರೀತೀನಿ!”

ಅವನ ಬೈಗುಳ ನಿಲ್ಲುವವರೆಗೂ ಕಾದು ಡಾಕ್ಟರಮ್ಮ ಕೇಳಿದರು: “ಗಂಗವ್ವ ಈಗ ಏನು ಮಾಡಾಕತ್ತಾರ, ಹೇಳ್ರಿ ನೋಡೋಣ.”

ಫಕೀರಪ್ಪ ಹಲ್ಲು ಕಡಿದ. “ಹಸಿರು ಸೀರಿ ಉಟ್ಟು ತಲಿ ತಗ್ಗಿಸಿ ಕುಂತಾಳ. ತಪ್ಪು ಮಾಡಿದಾಕಿ ಮಾರಿ ಎತ್ತತಾಳೇನು? ಮೊದಲ ನಿಮ್ಮ ಕಣ್ಣು ತೋರಿಸ್ಕೋರಿ.”

“ನೀವು ಒದರಾಕತ್ತಾಗನ ಆಕಿ ಅಳಕೋತ ಎದ್ದು ಹೋದ್ರು, ಫಕೀರಪ್ಪ. ಆ ಕುರ್ಚಿ ಖಾಲಿ ಐತಿ.”