ಸೀಲು ಹಾಕಿದ ಕಲ್ಲಿದ್ದಲು

ಬ್ಯಾಡಗಿಯ ತನ್ನ ಡಿಪೋದಲ್ಲಿ ಕಲ್ಲಿದ್ದಲಿನ ರಾಶಿ ಒಳಗೊಳಗೇ ಹೊತ್ತಿಕೊಂಡು ಹೊಗೆಯೇಳುತ್ತಿದ್ದರೂ ವೀರೇಂದ್ರ ಅದನ್ನು ಮುಟ್ಟುವಂತಿರಲಿಲ್ಲ. ಸುತ್ತ ಸರ್ಕಾರಿ ಸೀಲಿನ ಹಗ್ಗವಿತ್ತು. ಗಣಿಯ ಪರವಾನಗಿ ನೋಡುವ ಕಚೇರಿ, ತನಿಖೆ ಮುಗಿಯುವವರೆಗೆ ರಾಶಿ ಕದಲಿಸಬಾರದೆಂದಿತ್ತು. ಮಾರಾಟದ ಪರವಾನಗಿ ನೋಡುವ ಕಚೇರಿ, ಕೂಡಲೇ ತೆರವು ಮಾಡಬೇಕೆಂದಿತ್ತು. ಅಷ್ಟರಲ್ಲಿ ಬೇಸಿಗೆ ಬಂದು ರಾಶಿ ಕಾದಿತ್ತು.

“ಸಾಹೇಬ್ರ, ಬೆಂಕಿ ಹತ್ತೈತ್ರಿ. ಸರಿಸಾಕ ಅಪ್ಪಣೆ ಕೊಡ್ರಿ,” ಎಂದು ಮಾರಾಟದ ಕಚೇರಿಗೆ ಫೋನು ಮಾಡಿ ಅಂಗಲಾಚಿದ.

“ಅದನ್ನ ಸೀಲ್ ಹಾಕಿದ ಗಣಿ ಕಚೇರಿಯವ್ರನ್ನ ಕೇಳ್ರಿ. ಸೀಲ್ ಮುಟ್ಟಿದ್ರ ಜೈಲ ನೋಡ್ರಿ,” ಎಂದರು ಅಧಿಕಾರಿ.

ಪಕ್ಕದ ಮೆಣಸಿನಕಾಯಿ ಗೋದಾಮಿನ ಒಂದೇ ಬಾಗಿಲು ರಾಶಿಯ ಕಡೆಗಿತ್ತು. ಒಳಗೆ ಬೇರೆ ಹೆಂಗಸರೊಂದಿಗೆ ಕಾಯಿಯ ತೊಟ್ಟು ಬಿಡಿಸುತ್ತಿದ್ದ ಶೇಖವ್ವ ಕೂಗಿದಳು: “ಸಾವ್ಕಾರ್ರ, ಬಾಗಲದಾಗ ಹೊಗಿ ತುಂಬೈತ್ರಿ! ಹೊರಗ ಬರಾಕ ಆಗವಲ್ದು!”

“ಕೇಸ್ ಹಾಕ್ರಿ ಸಾಹೇಬ್ರ. ಸೀಲ್ ನಾನ ಹರಿಯಾಕತ್ತೇನಿ,” ಎಂದು ವೀರೇಂದ್ರ ಫೋನು ಬಿಸಾಕಿ ಹಗ್ಗ ಹರಿದ. ಸಲಿಕೆ ಹಿಡಿದು ಬಾಗಿಲ ಬಳಿಯ ಕೆಂಡವನ್ನು ಎಳೆದೆಳೆದು ಹಾಕಿದ. ಅಂಗೈಯ ಚರ್ಮ ಸುಲಿಯಿತು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಹೊರಗೋಡಿ ಬಂದರು.

ಶೇಖವ್ವ ಕೆಮ್ಮುತ್ತಲೇ ಹರಿದ ಹಗ್ಗ ನೋಡಿದಳು. “ಇದಕ್ಕ ನಿಮ್ಮನ್ನ ಹಿಡಕೊಂಡು ಹೋಗ್ತಾರೇನ್ರೀ?”

ವೀರೇಂದ್ರ ಗೋದಾಮಿನ ಬಾಗಿಲಲ್ಲಿ ಇಣುಕಿದ. “ಒಳಗ ಇನ್ನೂ ಯಾರರ ಅದಾರೇನವ್ವಾ?” ಎಂದು ಕೇಳಿದ.